ಒಣ ತೂಕ

ಸ್ಯಾಡಲರ್ ಘಾಟಿ ಇಳಿಯುವಾಗ ಲವರ್ನ್‌ಳ ಮೂಗಿಗೆ ಏನೋ ಸೀದ ವಾಸನೆ ಬಡಿಯಿತು.

"ಡ್ವೇನ್, ಹಿಂದೆ ಟ್ರೇಲರಲ್ಲಿ ಒಲೆ ಆರಿಸಿ ಬಂದ್ನೋ ಇಲ್ವೋ ನಾನು?"

"ಅದನ್ನ ನೀನೇ ಹೇಳ್ಬೇಕು," ಎಂದ ಡ್ವೇನ್. ಅವನ ಕಣ್ಣು ರಸ್ತೆ ಬಿಟ್ಟು ಕದಲಲಿಲ್ಲ. "ಆರಿಸಿರಲ್ಲ. ನಿನ್ನ ಬುದ್ಧಿ ನಂಗೊತ್ತಿಲ್ವಾ."

ಲವರ್ನ್ ಗಂಡನ ಕೈ ನೋಡಿದಳು. ಸ್ಟಿಯರಿಂಗ್ ಹಿಡಿದ ಬೆರಳುಗಳ ಗೆಣ್ಣು ಬೆಳ್ಳಗಾಗಿತ್ತು. ಕಾಲು ನೋಡಿದಳು. ಘಾಟಿಯ ನೆತ್ತಿಯಿಂದ ಇಲ್ಲಿಯವರೆಗೆ ಆ ಕಾಲು ಬ್ರೇಕಿನ ಮೇಲಿಂದ ಎದ್ದೇ ಇರಲಿಲ್ಲ. ಆದರೂ ಪಿಕಪ್ ನಿಧಾನವಾಗುತ್ತಿರಲಿಲ್ಲ. ಯಾರೋ ಹಿಂದಿನಿಂದ ಎರಡೂ ಕೈಯಿಟ್ಟು ನೂಕುತ್ತಿರುವ ಹಾಗೆ ಮುಂದೆ ಮುಂದೆ ಜಾರುತ್ತಿತ್ತು. ಎಡಕ್ಕೆ ಬಂಡೆ, ಬಲಕ್ಕೆ ಬರೀ ಗಾಳಿ. ಎದುರಿನಿಂದ ಒಂದು ದೊಡ್ಡ ಲಾರಿ ಹಾದುಹೋದಾಗ ಹಿಂದೆ ಕಟ್ಟಿಕೊಂಡಿದ್ದ ಟ್ರೇಲರ್ ಮನೆ, ಚಕ್ರದ ಮೇಲಿನ ಆ ಪುಟ್ಟ ಮನೆ, ಒಮ್ಮೆ ಬಾಲ ಬೀಸಿತು. ಪಿಕಪ್ಪಿನ ಹಿಂಭಾಗವೂ ಅದರ ಜೊತೆಗೇ ಅಲುಗಿತು. ಲವರ್ನ್ ಬಾಗಿಲ ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದಳು. ಹಿಂದಿನ ಸೀಟಿನಲ್ಲಿ ಮಲಗಿದ್ದ ನಾಯಿ ಹ್ಯಾಂಕ್ ಎದ್ದು ಕುಳಿತ.

ದೇವರು ದೊಡ್ಡವನು, ಮುಂದಿನ ತಿರುವಿನಲ್ಲಿ ರಸ್ತೆ ಪಕ್ಕ ಗಾಡಿ ನಿಲ್ಲಿಸುವಷ್ಟು ಜಾಗವಿತ್ತು. ಡ್ವೇನ್ ಹೇಗೋ ಅಲ್ಲಿಗೆ ಹೊರಳಿಸಿ ನಿಲ್ಲಿಸಿದ. ಇಳಿದು ನೋಡಿದರೆ ಒಲೆಯಲ್ಲ, ಗಾಡಿಯ ಚಕ್ರಗಳೇ ಹೊಗೆಯಾಡುತ್ತಿದ್ದವು. ಡ್ವೇನ್ ಕುಡಿಯುವ ನೀರಿನ ಡಬ್ಬ ಎತ್ತಿಕೊಂಡು ಓಡಿದ.

"ಏಯ್! ನೀರು ಹಾಕ್ಬೇಡಿ! ಕೆಳಗಿಡಿ ಅದನ್ನ!"

ಕೂಗಿದವಳು ಅವರ ಬೀದಿಯ ರಮೋನಾ ಬಾಕಾ. ಬಣ್ಣ ಮಾಸಿದ ದೊಡ್ಡ ಪಿಕಪ್ಪಿನ ಹಿಂದೆ ಕುದುರೆಗಳ ಟ್ರೇಲರ್ ಕಟ್ಟಿಕೊಂಡು ಅದೇ ಘಾಟಿ ಇಳಿಯುತ್ತಿದ್ದಳು. ಹೊಗೆ ನೋಡಿ ನಿಲ್ಲಿಸಿದ್ದಳು.

"ಕಾದ ಕಬ್ಬಿಣಕ್ಕೆ ತಣ್ಣೀರು ಬಿದ್ರೆ ಸೀಳು ಬಿಡುತ್ತೆ ಡ್ವೇನ್. ಸುಮ್ನೆ ಬಿಡಿ, ತಾನಾಗೇ ಆರ್ಲಿ. ಕುರ್ಚಿ ಇದ್ರೆ ಹಾಕ್ಕೊಂಡು ಕೂತ್ಕೊಳ್ಳಿ. ಅವಸರ ಮಾಡ್ಬೇಡಿ."

"ಹೊಸ ಬ್ರೇಕು, ಮೊದ್ಲು ಮೊದ್ಲು ಹಿಂಗೇ ವಾಸ್ನೆ ಬರುತ್ತೆ," ಎಂದ ಡ್ವೇನ್.

ರಮೋನಾ ಅವನ ಮುಖ ನೋಡಿದಳು. "ಬರುತ್ತೆ, ಬರುತ್ತೆ. ಮೊದ್ಲು ಬರುತ್ತೆ, ಆಮೇಲೆ ಬ್ರೇಕೇ ಇರಲ್ಲ," ಎಂದು ತನ್ನ ಕುದುರೆಗಳಿಗೆ ನೀರು ತೋರಿಸಲು ಹೋದಳು.

ಚಕ್ರ ಆರಿದ ಮೇಲೆ ಅವಳೇ ಮುಂದೆ ಹೊರಟಳು. ಕೆಳಗಿನ ಗೇರಿಗೆ ಹಾಕಿ ನನ್ನ ಹಿಂದೆಯೇ ಬನ್ನಿ, ಬ್ರೇಕನ್ನು ಒತ್ತಿ ಬಿಡಿ, ಒತ್ತಿ ಬಿಡಿ, ಒತ್ತಿಕೊಂಡೇ ಇರಬೇಡಿ ಎಂದಳು. ಹಾಗೆ ಆಮೆಯ ಹಾಗೆ ಹರಿದು ಬೆಂಟ್ ಕ್ರೀಕ್ ಊರು ಮುಟ್ಟಿದರು.

ಡ್ವೇನ್ ಮತ್ತು ಲವರ್ನ್ ಬೆಂಟ್ ಕ್ರೀಕಿಗೆ ಬಂದು ಎರಡೇ ಚಳಿಗಾಲ ಕಳೆದಿತ್ತು. ಅವರದು ನೆಬ್ರಾಸ್ಕ. ಕಣ್ಣು ಹಾಯುವಷ್ಟೂ ದೂರ ಮುಸುಕಿನ ಜೋಳ, ಚಾಪೆ ಹಾಸಿದಂಥ ನೆಲ. ಮಗಳು ಶೆಲ್ಬಿ ಕೊಲರಾಡೊದ ಈ ಬೆಟ್ಟದ ಊರಿನಲ್ಲಿ ನರ್ಸ್ ಆಗಿದ್ದಳು. ಅವಳ ಹತ್ತಿರವಿರೋಣ ಎಂದು ಇಬ್ಬರೂ ಇಲ್ಲಿಗೆ ಬಂದರು. ಈ ಬೇಸಿಗೆಗೆ ಘಾಟಿಯ ಆಚೆ, ಹೊಳೆಯ ದಂಡೆಯ ಕಾಡಿನಲ್ಲಿ ಬಿಡಾರ ಹೂಡಲು ಬರುವವರನ್ನು ನೋಡಿಕೊಳ್ಳುವ ಕೆಲಸ ಒಪ್ಪಿಕೊಂಡಿದ್ದರು. ಬಂದವರಿಗೆ ಜಾಗ ತೋರಿಸಬೇಕು, ಸೌದೆ ಕೊಡಬೇಕು, ಬೆಂಕಿ ಆರಿಸಿದ್ದಾರೋ ಇಲ್ಲವೋ ನೋಡಬೇಕು. ಅದಕ್ಕೆ ಬದಲಾಗಿ ತಮ್ಮ ಟ್ರೇಲರ್ ಮನೆಯನ್ನು ಅಲ್ಲೇ ನಿಲ್ಲಿಸಿಕೊಂಡು ಬೇಸಿಗೆಯಿಡೀ ಇರಬಹುದು. ಶೆಲ್ಬಿಗೆ ದೂರದ ಊರಿನ ಆಸ್ಪತ್ರೆಯಲ್ಲಿ ತರಬೇತಿಯಿತ್ತು. ಹಾಗಾಗಿ ಅವಳ ಮಗಳು, ಐದು ವರ್ಷದ ಜೂನಿ, ಅಜ್ಜಿ ತಾತನ ಜೊತೆ ಹೋಗುವುದೆಂದು ಮಾತಾಗಿತ್ತು. ಜೂನಿ ಆಗಲೇ ಮೀನು ಹಿಡಿಯುವ ಪುಟ್ಟ ಕೋಲನ್ನು ಹಾಸಿಗೆಯಲ್ಲಿ ಪಕ್ಕಕ್ಕೆ ಇಟ್ಟುಕೊಂಡು ಮಲಗುತ್ತಿದ್ದಳು.

ಮಗು ಹತ್ತುವ ಮುನ್ನ ಒಮ್ಮೆ ಘಾಟಿ ಹತ್ತಿ ಇಳಿದು ನೋಡೋಣ ಎಂದು ಹೊರಟ ದಿನವೇ ಹೀಗಾಯಿತು.

ಸಂಜೆ ಶೆಲ್ಬಿ ಫೋನ್ ಮಾಡಿದಳು.

"ಅಮ್ಮಾ, ಘಾಟಿ ಹೇಗಿತ್ತು? ಜೂನಿನ ಕೂರಿಸ್ಬಹುದು ತಾನೇ?"

"ಅಪ್ಪನ್ನ ಕೇಳು ಬೇಕಾದ್ರೆ," ಎಂದಳು ಲವರ್ನ್.

"ಅಪ್ಪನ್ನ ಕೇಳಿದ್ರೆ ಎಲ್ಲಾ ಸರಿ ಅಂತಾನೆ. ಮನೆಗೆ ಬೆಂಕಿ ಬಿದ್ರೂ ಎಲ್ಲಾ ಸರಿ ಅಂತಾನೆ. ಅದಕ್ಕೇ ನಿನ್ನ ಕೇಳ್ತಿರೋದು. ನೀನು ಹೂಂ ಅಂದ್ರೆ ನಾನು ನಿಶ್ಚಿಂತೆಯಾಗಿ ಹೋಗ್ತೀನಿ."

ಲವರ್ನ್‌ಗೆ ಹೂಂ ಎನ್ನಲು ಬಾಯಿ ಬರಲಿಲ್ಲ. ಊಹೂಂ ಎನ್ನಲೂ ಬರಲಿಲ್ಲ. ಮೂಗಿನಲ್ಲಿ ಆ ವಾಸನೆ ಇನ್ನೂ ಕೂತಿತ್ತು.

"ಭಾನುವಾರ ಹೇಳ್ತೀನಿ ಮಗಳೇ," ಎಂದು ಫೋನ್ ಇಟ್ಟಳು.

ಮರುದಿನ ರಮೋನಾ ಹಸಿಮೆಣಸಿನಕಾಯಿ ಹಾಕಿ ಬೇಯಿಸಿದ ಮಾಂಸದ ಸಾರು ಒಂದು ಪಾತ್ರೆ ತಂದುಕೊಟ್ಟಳು. ಲವರ್ನ್ ಕಾಫಿ ಬಗ್ಗಿಸಿದಳು, ಸೇಬಿನ ಪೈ ಕತ್ತರಿಸಿದಳು. ಡ್ವೇನ್ ಪೇಪರ್ ಓದುವವನ ಹಾಗೆ ಮೂಲೆಯಲ್ಲಿ ಕುಳಿತಿದ್ದ.

"ನಿಮ್ಮ ಟ್ರೇಲರ್ ಎಷ್ಟು ತೂಗುತ್ತೆ?" ಎಂದು ಕೇಳಿದಳು ರಮೋನಾ.

ಡ್ವೇನ್ ಪೇಪರ್ ಕೆಳಗಿಳಿಸಿದ. ಈ ಪ್ರಶ್ನೆಗೆ ಅವನಲ್ಲಿ ಉತ್ತರ ಸಿದ್ಧವಿತ್ತು. "ಆರು ಸಾವಿರದ ಇನ್ನೂರು ಪೌಂಡ್. ಒಣ ತೂಕ ಅಂತ ಕಂಪನಿಯವ್ರೇ ಬರೆದಿದಾರೆ. ನನ್ನ ಪಿಕಪ್ ಹನ್ನೊಂದು ಸಾವಿರ ಎಳೆಯುತ್ತೆ. ಹತ್ತಿರ ಹತ್ತಿರ ಎರಡರಷ್ಟು!"

"ಒಣ ತೂಕ ಸರಿ. ಈಗ ಎಷ್ಟಿದೆ?"

"ಈಗಲೂ ಅಷ್ಟೇ. ನಾವು ಒಂದು ತೊಟ್ಟು ನೀರು ತುಂಬಿಸಿಲ್ಲ," ಎಂದಳು ಲವರ್ನ್. ಇದು ಅವಳದೇ ಉಪಾಯವಾಗಿತ್ತು. "ನೀರೆಲ್ಲ ಅಲ್ಲೇ ಸಿಗುತ್ತಲ್ಲ. ಟ್ಯಾಂಕ್ ಖಾಲಿ, ಪೈಪ್ ಖಾಲಿ. ಕೆಟ್ಲಲ್ಲಿದ್ದ ನೀರೂ ಚೆಲ್ಲಿ ಬಂದಿದ್ದೆ ಕಣೇ ನಾನು. ಒಣಗಿಸಿ ಇಟ್ಟಿದೀವಿ."

ರಮೋನಾ ಕಾಫಿ ಲೋಟ ಕೆಳಗಿಟ್ಟಳು. ನಗು ತಡೆಯಲು ನೋಡಿದಳು, ಆಗಲಿಲ್ಲ.

"ಅಯ್ಯೋ ನನ್ನ ತಾಯಿ! ನೀನು ನಂಗೆ ತೋರಿಸಿದ ಆ ಪೀಚ್ ಹಣ್ಣಿನ ಬಾಟಲಿಗಳೂ ಒಣಗಿವೆಯಾ?"

"ಯಾವ ಬಾಟಲಿ?" ಎಂದ ಡ್ವೇನ್.

ಲವರ್ನ್ ಪೈ ಕಡೆ ನೋಡಿದಳು. ಟ್ರೇಲರಿನ ಮಂಚದ ಕೆಳಗೆ ಸಕ್ಕರೆ ಪಾಕದಲ್ಲಿ ಹಾಕಿಟ್ಟ ಪೀಚ್ ಬಾಟಲಿಗಳು ಸಾಲುಸಾಲಾಗಿ ಇದ್ದವು. ಒಲೆಯ ಕೆಳಗೆ ಅವಳ ತಾಯಿ ಕೊಟ್ಟ ಎರಕದ ಕಬ್ಬಿಣದ ಬಾಣಲೆಗಳು, ದೊಡ್ಡದು, ನಡುವಿನದು, ಸಣ್ಣದು. ಮೂಲೆಯಲ್ಲಿ ಕೌದಿ ಹೊಲಿಯುವ ಹೊಲಿಗೆ ಯಂತ್ರ.

"ಒಣ ತೂಕ ಅಂದ್ರೆ ನೀರಿಲ್ಲದ ತೂಕ ಅಲ್ಲ ಕಣೇ," ಎಂದಳು ರಮೋನಾ. ಈಗ ಅವಳು ನಗುತ್ತಿರಲಿಲ್ಲ. "ಕಾರ್ಖಾನೆ ಬಾಗಿಲು ದಾಟಿದಾಗ ಇತ್ತಲ್ಲ, ಆ ತೂಕ. ಅದ್ರಲ್ಲಿ ಗ್ಯಾಸ್ ಸಿಲಿಂಡರ್ ಇಲ್ಲ, ಬ್ಯಾಟರಿ ಇಲ್ಲ, ಹಾಸಿಗೆ ಹೊದಿಕೆ ಇಲ್ಲ, ಒಂದು ಚಮಚ ಕೂಡ ಇಲ್ಲ. ನೀನು ಶಾಲೆ ಅಡುಗೆಮನೇಲಿ ದುಡಿದೋಳು. ಖಾಲಿ ಕೊಳಗ ಎತ್ತಿ ನೋಡಿ, ಹಗುರಾಗಿದೆ, ಒಬ್ಳೇ ಇಳಿಸ್ತೀನಿ ಅಂತಿದ್ಯಾ? ಸೂಪು ತುಂಬಿದ ಮೇಲೆ ಇಬ್ಬರು ಹಿಡೀತಿರಲಿಲ್ವಾ?"

ಲವರ್ನ್‌ಗೆ ಆ ಮಾತು ನೇರವಾಗಿ ತಟ್ಟಿತು. ಅವಳ ಮೊಣಕೈಗೆ ಆ ಕೊಳಗಗಳ ಭಾರ ಇನ್ನೂ ನೆನಪಿತ್ತು.

"ತುಂಬಿದ್ರೂ ಎಂಟು ಸಾವಿರ ದಾಟಲ್ಲ. ಹನ್ನೊಂದರ ಒಳಗೇ ಬಂತಲ್ಲ," ಎಂದ ಡ್ವೇನ್.

"ಎಳೆಯೋದು ಬೇರೆ, ಹೊರೋದು ಬೇರೆ. ಬನ್ನಿ ಹೊರಗೆ."

ಅಂಗಳದಲ್ಲಿ ಪಿಕಪ್ ನಿಂತಿತ್ತು. ಕಡು ಕೆಂಪು ಬಣ್ಣ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಜೀವಮಾನವಿಡೀ ಬೇರೆಯವರು ಓಡಿಸಿ ಬಿಟ್ಟ ಗಾಡಿಗಳನ್ನೇ ಓಡಿಸಿದ ಡ್ವೇನ್ ಮೊದಲ ಸಲ ಹೊಸದಾಗಿ ಕೊಂಡ ಗಾಡಿ ಅದು. ಅಲ್ಲಿನವರು ಅದನ್ನು ಅರ್ಧ ಟನ್ನಿನ ಪಿಕಪ್ ಎನ್ನುತ್ತಾರೆ. ಅದು ಹಳೆಯ ಕಾಲದಿಂದ ಬಂದ ಹೆಸರಷ್ಟೇ, ನಿಜವಾಗಿ ಎಷ್ಟು ಹೊರುತ್ತದೆ ಎಂಬುದಕ್ಕೂ ಆ ಹೆಸರಿಗೂ ಸಂಬಂಧವಿಲ್ಲ. ರಮೋನಾ ಚಾಲಕನ ಬಾಗಿಲು ತೆಗೆದಳು. ಬಾಗಿಲ ಚೌಕಟ್ಟಿನ ಒಳಮೈಯಲ್ಲಿ ಹಳದಿ ಬಿಳಿಯ ಒಂದು ಚೀಟಿ ಅಂಟಿಸಿತ್ತು.

"ಅದು ಟೈರಿಗೆ ಗಾಳಿ ಎಷ್ಟು ಅನ್ನೋ ಚೀಟಿ," ಎಂದ ಡ್ವೇನ್.

"ಗಾಳಿದೂ ಇದೆ. ಮೇಲಿನ ಸಾಲು ಓದಿ."

ಡ್ವೇನ್ ಕನ್ನಡಕ ಹುಡುಕಿ ಹಾಕಿಕೊಂಡ. ಜನ ಮತ್ತು ಸಾಮಾನು ಎರಡೂ ಸೇರಿ ಒಂದು ಸಾವಿರದ ನಾನೂರ ಎಂಬತ್ತು ಪೌಂಡ್ ಮೀರಕೂಡದು ಎಂದು ಅಲ್ಲಿ ಬರೆದಿತ್ತು.

"ಟ್ರೇಲರ್ ಪೂರ್ತಿ ತನ್ನ ಚಕ್ರದ ಮೇಲೇ ನಿಲ್ಲಲ್ಲ," ಎಂದಳು ರಮೋನಾ. "ಅದರ ಮೂಕಿ, ಕೊಂಡಿಗೆ ಸಿಕ್ಕಿಸೋ ಮುಂದಿನ ಕಂಬ, ನಿಮ್ಮ ಪಿಕಪ್ಪಿನ ಬೆನ್ನ ಮೇಲೆ ಕೂರುತ್ತೆ. ಹೆಚ್ಚುಕಮ್ಮಿ ಎಂಟರಲ್ಲೊಂದು ಪಾಲು. ಅದನ್ನ ಕಮ್ಮಿ ಮಾಡೋಕೂ ಆಗಲ್ಲ. ಮೂಕಿ ಹಗುರಾದ್ರೆ ಟ್ರೇಲರ್ ಬಾಲ ಬೀಸುತ್ತೆ. ಆ ಮೂಕಿ ಭಾರ, ಕೊಂಡಿ ಸಾಮಾನು, ನೀವಿಬ್ರು, ಮಗು, ಮಗು ಸೀಟು, ಈ ಹ್ಯಾಂಕ್ ಮಹಾರಾಯ, ಹಿಂದೆ ಹಾಕಿರೋ ಸೌದೆ. ಎಲ್ಲಾ ಈ ಚೀಟಿ ಒಳಗೇ ಹಿಡೀಬೇಕು."

"ಮತ್ತೆ ಹನ್ನೊಂದು ಸಾವಿರ ಅಂತ ಮಾರಿದೋನು ಸುಳ್ಳು ಹೇಳಿದ್ನಾ?"

"ಸುಳ್ಳಲ್ಲ. ಇಬ್ರು ಸಣಕಲು ಜನ ಕೂತು, ಹಿಂದೆ ಒಂದು ಕಡ್ಡೀನೂ ಹಾಕದೆ ಇದ್ರೆ ಎಳೆಯುತ್ತೆ. ನಿಮ್ಮಿಬ್ಬರಲ್ಲಿ ಸಣಕಲು ಯಾರು, ನೀವಾ, ಲವರ್ನಾ?"

ಲವರ್ನ್ ನಕ್ಕಳು. ಡ್ವೇನ್ ನಗಲಿಲ್ಲ. ಅವನ ಕಿವಿ ಕೆಂಪಾಯಿತು.

"ನೋಡಿ ರಮೋನಾ, ನಾನು ಮೀಸೆ ಮೂಡೋಕ್ ಮುಂಚಿಂದ ಜೋಳ ತುಂಬಿದ ಗಾಡಿ ಎಳ್ಕೊಂಡು ಬಂದೋನು. ಇದಕ್ಕಿಂತ ಎರಡು ಪಾಲು ಭಾರ ಎಳೆದಿದೀನಿ. ಒಂದಿನ ಹೊಗೆ ಬಂದಿಲ್ಲ."

"ಎಲ್ಲಿ ಎಳೆದ್ರಿ ನೆಬ್ರಾಸ್ಕದವ್ರೇ? ಬಯಲಲ್ಲಿ. ಬಯಲಲ್ಲಿ ಗಾಡಿನ ನೀವು ಎಳೀತೀರಿ. ಘಾಟಿ ಇಳಿಯುವಾಗ ಗಾಡಿ ನಿಮ್ಮನ್ನ ನೂಕುತ್ತೆ. ನೂಕೋದನ್ನ ತಡೆಯೋಕೆ ಮೈಭಾರ ಬೇಕು, ದೊಡ್ಡ ಬ್ರೇಕ್ ಬೇಕು. ನೂಕಿಸ್ಕೊಂಡು ನಿಮಗೆ ಅಭ್ಯಾಸ ಇಲ್ಲ, ಅಷ್ಟೇ. ಅದು ತಪ್ಪೇನಲ್ಲ."

ಡ್ವೇನ್ ಬಾಗಿಲು ಮುಚ್ಚಿದ. ಜೋರಾಗಿ ಹಾಕಲಿಲ್ಲ, ಆ ಪಿಕಪ್ಪಿನ ಬಾಗಿಲನ್ನು ಅವನು ಯಾವತ್ತೂ ಜೋರಾಗಿ ಹಾಕಿದವನಲ್ಲ. ಹಿತ್ತಲಿನ ಶೆಡ್ಡಿಗೆ ಹೋದ.

"ಬೇಜಾರ್ ಮಾಡ್ಬಿಟ್ನಾ?" ಎಂದಳು ರಮೋನಾ.

"ನಿನ್ ಮೇಲಲ್ಲ ಬೇಜಾರು. ಬಿಡು, ನಾನು ಮಾತಾಡ್ತೀನಿ."

ಬಿಸಿಲು ಇಳಿಯುವ ಹೊತ್ತಿಗೆ ಡ್ವೇನ್ ಮನೆಯ ಮೆಟ್ಟಿಲ ಮೇಲೆ ಬಂದು ಕುಳಿತ. ಲವರ್ನ್ ಪಕ್ಕದಲ್ಲಿ ಕುಳಿತಳು. ಬೆಟ್ಟದ ನೆತ್ತಿಯ ಮೇಲೆ ಹಿಮ ಇನ್ನೂ ಕರಗಿರಲಿಲ್ಲ. ಇಬ್ಬರ ಕಣ್ಣೂ ಪಿಕಪ್ಪಿನ ಮೇಲಿತ್ತು.

"ನಿನ್ನ ಪಿಕಪ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ," ಎಂದಳು ಅವಳು.

"ಹೇಳಿಲ್ಲ ನೀನು."

"ಭಾನುವಾರ ಶೆಲ್ಬಿಗೆ ನಾನು ಏನ್ ಹೇಳ್ಲಿ ಡ್ವೇನ್? ಹೂಂ ಅನ್ನು ಅಂತೀಯಾ, ಹೂಂ ಅಂತೀನಿ. ನೀನೇ ಹೇಳ್ಕೊಡು. ಆ ಹಿಂದಿನ ಸೀಟಲ್ಲಿ ಜೂನಿ ಕೂತಿದ್ದಾಳೆ ಅಂದ್ಕೋ. ಲಾರಿ ಬಂತು, ಟ್ರೇಲರ್ ಬಾಲ ಬೀಸ್ತು. ಆಗ ನಿನ್ನ ಕೈ ಹೇಗಿತ್ತು ಅಂತ ನಾನು ನೋಡಿದೀನಿ."

ಡ್ವೇನ್ ತನ್ನ ಕೈ ನೋಡಿಕೊಂಡ.

"ಬ್ರೇಕು ಪೂರ್ತಿ ಕೆಳಗೆ ಹೋಗ್ತಿತ್ತು ಲವರ್ನ್," ಎಂದ ಮೆಲ್ಲಗೆ. "ನಿಂಗೆ ಹೇಳ್ಲಿಲ್ಲ."

ಲವರ್ನ್ ಅವನ ಮೊಣಕಾಲ ಮೇಲೆ ಕೈಯಿಟ್ಟಳು.

"ತೂಗಿ ನೋಡೋಣ," ಎಂದ ಅವನು. "ಬಾಯಿ ಮಾತು ಬೇಡ. ತೂಗೇ ನೋಡೋಣ."

ಹೆದ್ದಾರಿಯ ಪಕ್ಕ ಲಾರಿಯವರು ಊಟಕ್ಕೆ, ಡೀಸೆಲ್ಲಿಗೆ ನಿಲ್ಲುವ ಕಡೆ ಒಂದು ವೇ ಬ್ರಿಡ್ಜ್ ಇದೆ. ಲಾರಿಗಳಿಗೆಂದೇ ಇದ್ದರೂ ಯಾರು ಬೇಕಾದರೂ ತೂಗಿಸಬಹುದು. ಹೋಗುವ ದಿನ ಹೇಗೆ ಹೋಗುತ್ತಾರೋ ಹಾಗೇ ತುಂಬಿಕೊಂಡು ಬನ್ನಿ, ಒಂದು ಕಡ್ಡಿಯನ್ನೂ ಬಿಡಬೇಡಿ ಎಂದಿದ್ದಳು ರಮೋನಾ. ಸೌದೆ ಹಾಕಿದರು. ಹ್ಯಾಂಕ್ ಹತ್ತಿದ. ಜೂನಿ ಶಾಲೆಗೆ ಹೋಗಿದ್ದಳು. ಅವಳ ಭಾರಕ್ಕೆ ಸರಿಯಾಗಿ ಲವರ್ನ್ ಒಂದು ಚೀಲ ಆಲೂಗಡ್ಡೆಯನ್ನು ಮಗುವಿನ ಸೀಟಿನಲ್ಲಿ ಕೂರಿಸಿ ಬೆಲ್ಟ್ ಬಿಗಿದಳು. ದಾರಿಯುದ್ದಕ್ಕೂ ಹ್ಯಾಂಕ್ ಆ ಚೀಲದ ಮೇಲೆ ತಲೆಯಿಟ್ಟು ಮಲಗಿದ್ದ.

ವೇ ಬ್ರಿಡ್ಜಿನಲ್ಲಿ ಪಿಕಪ್ಪಿನ ಮುಂದಿನ ಚಕ್ರ ಒಂದು ಹಲಗೆಯ ಮೇಲೆ, ಹಿಂದಿನದು ಇನ್ನೊಂದರ ಮೇಲೆ, ಟ್ರೇಲರ್ ಮೂರನೆಯದರ ಮೇಲೆ ನಿಂತವು. ರಮೋನಾ ಕೆಳಗೆ ನಿಂತು ಹಿಂದೆ, ಮುಂದೆ, ಇನ್ನೊಂಚೂರು ಎಂದು ಕೈ ಬೀಸುತ್ತಿದ್ದಳು. ಆಮೇಲೆ ಮೂಕಿಯ ಭಾರ ಎಷ್ಟೆಂದು ತಿಳಿಯಲು ಕೊಂಡಿ ಕಳಚಿ ಪಿಕಪ್ಪನ್ನು ಒಂಟಿಯಾಗಿಯೂ ತೂಗಿಸಿದರು.

ತೂಕದ ಕಾಗದವನ್ನು ಡ್ವೇನ್ ತಾನೇ ಹೋಗಿ ತಂದ. ಪಿಕಪ್ಪಿನ ಬಾಗಿಲು ತೆಗೆದು ಅಲ್ಲಿದ್ದ ಅಂಕಿಗಳ ಪಕ್ಕ ಹಿಡಿದು ಓದಿದ. ಒಣ ತೂಕ ಆರು ಸಾವಿರದ ಇನ್ನೂರು ಎಂದಿದ್ದ ಟ್ರೇಲರ್ ಏಳೂವರೆ ಸಾವಿರ ತೂಗಿತ್ತು. ಒಂದು ತೊಟ್ಟು ನೀರಿಲ್ಲದೆ. ಪಿಕಪ್ಪಿನ ಮೇಲೆ ಬಿದ್ದ ಭಾರ ಅದು ಹೊರಬಹುದಾದದ್ದಕ್ಕಿಂತ ಮುನ್ನೂರು ಪೌಂಡ್ ಹೆಚ್ಚಾಗಿತ್ತು.

ಲವರ್ನ್ ಹಿಂದಿನ ಸೀಟಿನಲ್ಲಿ ಬೆಲ್ಟ್ ಬಿಗಿದುಕೊಂಡು ಕುಳಿತಿದ್ದ ಆಲೂಗಡ್ಡೆಯ ಚೀಲವನ್ನೇ ನೋಡುತ್ತಿದ್ದಳು.

"ನನ್ನ ಪೀಚ್ ಇಳಿಸ್ತೀನಿ. ಬಾಣಲೆ ಒಂದು ಸಾಕು. ಹೊಲಿಗೆ ಯಂತ್ರಾನೂ ಬೇಡ," ಎಂದಳು.

"ಇಳಿಸಿದ್ರೂ ಅಂಚಲ್ಲೇ ಇರ್ತೀವಿ," ಎಂದ ಡ್ವೇನ್. "ರಮೋನಾ, ಹಿಂದಕ್ಕೆ ಗಟ್ಟಿ ಸ್ಪ್ರಿಂಗ್ ಹಾಕ್ಸಿದ್ರೆ? ಬೆನ್ನು ಕುಸಿಯಲ್ಲವಲ್ಲ."

"ಬೆನ್ನು ನೆಟ್ಟಗಾಗುತ್ತೆ. ನೋಡೋಕೆ ಚೆನ್ನಾಗಿರುತ್ತೆ. ಬ್ರೇಕ್ ದೊಡ್ಡದಾಗುತ್ತಾ? ಅಚ್ಚು ದಪ್ಪ ಆಗುತ್ತಾ? ಚೀಟಿ ಮೇಲಿನ ಅಂಕಿ ಬದಲಾಗುತ್ತಾ?"

"ಇಲ್ಲ."

"ಇನ್ನೊಂದು ಹೇಳ್ಲಾ? ನೆತ್ತಿ ಮೇಲೆ ಇಳಿದು ನಿಂತಾಗ ನಿಮಗೆ ಉಬ್ಬಸ ಬಂತು ತಾನೇ?"

"ಬಂತು. ಗಾಳಿ ತೆಳು ಅಲ್ಲಿ."

"ಎಂಜಿನ್ನಿಗೂ ಅದೇ ಗಾಳಿ. ನಿಮ್ಮದರಲ್ಲಿ ಟರ್ಬೊ ಇಲ್ಲ. ಅಷ್ಟು ಎತ್ತರಕ್ಕೆ ಹೋದ್ರೆ ಕಾಲು ಪಾಲು ಶಕ್ತಿ ಅಲ್ಲೇ ಸೋರಿ ಹೋಗುತ್ತೆ, ಕೆಲವು ಸಲ ಇನ್ನೂ ಹೆಚ್ಚು. ಟರ್ಬೊ ಇರೋದು ಗಾಳಿನ ಒತ್ತಿ ಒಳಗೆ ಕಳಿಸುತ್ತೆ, ಅದಕ್ಕೆ ಅಷ್ಟು ಆಯಾಸ ಆಗಲ್ಲ. ಎರಡೇ ದಾರಿ ಡ್ವೇನ್. ಈ ಪಿಕಪ್ಪಿಗೆ ತಕ್ಕ ಸಣ್ಣ ಟ್ರೇಲರ್ ತಗೊಳ್ಳಿ. ಇಲ್ಲ, ಈ ಟ್ರೇಲರಿಗೆ ತಕ್ಕ ಪಿಕಪ್ ತಗೊಳ್ಳಿ."

ಸಣ್ಣ ಟ್ರೇಲರಿನಲ್ಲಿ ಮೂವರು, ಒಂದು ನಾಯಿ, ಇಡೀ ಬೇಸಿಗೆ. ಅದು ಆಗದ ಮಾತು ಎಂದು ಇಬ್ಬರಿಗೂ ಗೊತ್ತಿತ್ತು.

ಶನಿವಾರ ರಮೋನಾಳನ್ನೂ ಕರೆದುಕೊಂಡು ಗಾಡಿ ಮಾರುವವನ ಹತ್ತಿರ ಹೋದರು. ಕೆಂಪು ಪಿಕಪ್ಪನ್ನು ಕೊಟ್ಟು ಬೇರೆಯದನ್ನು ಪಡೆಯುವುದೆಂದು ತೀರ್ಮಾನವಾಗಿತ್ತು. ಮಾರುವವನು ನಗುತ್ತಲೇ ಬಂದ. ಬಿಳಿಯ ಒಂದು ಭಾರಿ ಪಿಕಪ್ ತೋರಿಸಿದ. ಚರ್ಮದ ಸೀಟು, ಗಾಜಿನ ಚಾವಣಿ, ಸಿನಿಮಾ ಪರದೆಯಷ್ಟು ದೊಡ್ಡ ಟಿವಿ.

"ಮುಕ್ಕಾಲು ಟನ್ನಿಂದು ಸಾರ್, ಡೀಸೆಲ್. ಹದಿನೆಂಟು ಸಾವಿರ ಎಳೆಯುತ್ತೆ!"

ಡ್ವೇನ್ ಚಾಲಕನ ಬಾಗಿಲು ತೆಗೆದು, ಮೊಣಕಾಲು ಹಿಡಿದುಕೊಂಡು ಕೆಳಗೆ ಕುಕ್ಕರಿಸಿದ. ಕನ್ನಡಕ ಹಾಕಿಕೊಂಡು ಚೀಟಿ ಓದಿದ.

"ಲವರ್ನ್, ಇಲ್ಲಿ ನೋಡು. ಇಷ್ಟು ದೊಡ್ಡ ಗಾಡಿ, ಹೊರೋದು ನಮ್ಮ ಕೆಂಪು ಗಾಡಿಗಿಂತ ಮುನ್ನೂರು ಪೌಂಡ್ ಮಾತ್ರ ಹೆಚ್ಚು."

"ಹಾಗ್ಯಾಕೆ?"

"ಆ ಗಾಜು, ಆ ಚರ್ಮ, ಆ ದೊಡ್ಡ ಎಂಜಿನ್, ಎಲ್ಲಾ ಅದೇ ಹೊರ್ಬೇಕಲ್ಲ. ಅವನ್ನ ಹೊತ್ತು ಮಿಕ್ಕಿದ್ದಷ್ಟೇ ನಮಗೆ."

ಮಾರುವವನು ರಮೋನಾಳ ಮುಖ ನೋಡಿದ. ರಮೋನಾ ಆಕಾಶ ನೋಡಿದಳು.

ಡ್ವೇನ್ ಒಂದೊಂದೇ ಬಾಗಿಲು ತೆಗೆಯುತ್ತ, ಕೂರುತ್ತ ಏಳುತ್ತ ಸಾಲಿನ ಕೊನೆಯವರೆಗೆ ಹೋದ. ಕೊನೆಯಲ್ಲಿ ಕಂದು ಬಣ್ಣದ ಒಂದು ಹಳೆಯ ಪಿಕಪ್ ನಿಂತಿತ್ತು. ಅದೂ ಮುಕ್ಕಾಲು ಟನ್ನಿನದೇ, ಟರ್ಬೊ ಇರುವ ಡೀಸೆಲ್ಲೇ. ಆದರೆ ಬಟ್ಟೆಯ ಸೀಟು, ಸಾದಾ ಚಾವಣಿ. ಚೀಟಿಯಲ್ಲಿ ಎರಡು ಸಾವಿರದ ನಾನೂರು ಎಂದಿತ್ತು. ತಮ್ಮ ಮೂಕಿ ಭಾರ, ಜನ, ನಾಯಿ, ಸೌದೆ ಎಲ್ಲ ಸೇರಿದರೂ ಸುಮಾರು ಕಾಲು ಪಾಲು ಮಿಗುತ್ತಿತ್ತು. ಬೆಟ್ಟಕ್ಕೆ ಅಷ್ಟು ಮಿಗಬೇಕು ಎಂದು ರಮೋನಾ ಹೇಳಿದ್ದಳು. ಘಾಟಿ ಇಳಿಯುವಾಗ ಎಂಜಿನ್ನೇ ಗಾಡಿಯನ್ನು ಹಿಡಿದು ನಿಧಾನ ಮಾಡುವ ಗುಂಡಿಯೂ ಅದರಲ್ಲಿತ್ತು. ಟ್ರೇಲರಿನ ಬ್ರೇಕನ್ನು ಮುಂದಿನಿಂದಲೇ ಹೆಚ್ಚು ಕಡಿಮೆ ಮಾಡುವ ಪೆಟ್ಟಿಗೆಯೂ ಇತ್ತು. ರಮೋನಾ ಟೈರುಗಳನ್ನು, ಕೊಂಡಿಯ ಮೇಲೆ ಅಚ್ಚೊತ್ತಿದ್ದ ಅಂಕಿಗಳನ್ನು ಬಗ್ಗಿ ನೋಡಿದಳು. "ಇದು ಸರಿ," ಎಂದಳು.

"ನೋಡೋಕೆ ಕುರೂಪಿ," ಎಂದ ಡ್ವೇನ್.

"ನಿನ್ನ ಮದುವೆಯಾಗುವಾಗ ನಾನು ರೂಪ ನೋಡಿದ್ನಾ?" ಎಂದಳು ಲವರ್ನ್.

ಕಾಗದಪತ್ರ ಮುಗಿದ ಮೇಲೆ ಡ್ವೇನ್ ಕೆಂಪು ಪಿಕಪ್ಪಿನ ಬಳಿಗೆ ಒಬ್ಬನೇ ಹೋದ. ಕಿಟಕಿಗೆ ಅಂಟಿಸಿದ್ದ ಮುಸುಕಿನ ಜೋಳದ ಚಿತ್ರ ಕಿತ್ತುಕೊಂಡ. ಅದರ ಬಾನೆಟ್ ಮೇಲೆ ಅಂಗೈಯಿಟ್ಟ. "ನಿಂದೇನೂ ತಪ್ಪಿಲ್ಲ ಮರಿ. ನಿನ್ನ ಮೇಲೆ ನಾನೇ ಅತಿ ಹೇರಿದೆ," ಎಂದ. ಲವರ್ನ್ ಕೇಳಿಸದವಳ ಹಾಗೆ ಬೇರೆ ಕಡೆ ತಿರುಗಿ ನಿಂತಳು.

ಭಾನುವಾರ ಬೆಳಿಗ್ಗೆ, ಟ್ರೇಲರನ್ನು ಕಂದು ಪಿಕಪ್ಪಿಗೆ ಕಟ್ಟಿ ಘಾಟಿಯನ್ನು ಒಮ್ಮೆ ಹತ್ತಿ ಇಳಿದು ಬಂದರು. ಮಧ್ಯಾಹ್ನ ಫೋನ್ ಬಂದಾಗ ಶೆಲ್ಬಿ ಕೇಳುವುದಕ್ಕೂ ಮೊದಲೇ ಲವರ್ನ್ "ಹೂಂ" ಎಂದಳು.

"ಏನು ಹೂಂ? ನಾನಿನ್ನೂ ಕೇಳೇ ಇಲ್ಲ!"

"ಹೂಂ ಕಣೇ ಮಗಳೇ. ಕೂರಿಸ್ತೀನಿ."

ಶಾಲೆಗೆ ರಜೆ ಬಂತು. ಹೊರಡುವ ದಿನ ಬಾಟಲಿಗಳಲ್ಲಿ ಎರಡು ಮಾತ್ರ ಟ್ರೇಲರ್ ಹತ್ತಿದವು, ಬಾಣಲೆಗಳಲ್ಲಿ ಸಣ್ಣದೊಂದೇ. ಉಳಿದ ಪೀಚ್ ರಮೋನಾಳ ಮನೆ ಸೇರಿತು. ಹಿಂದಿನ ಸೀಟಿನಲ್ಲಿ ಆಲೂಗಡ್ಡೆಯ ಜಾಗದಲ್ಲಿ ಜೂನಿ ಕುಳಿತಿದ್ದಳು, ಕೈಯಲ್ಲಿ ಮೀನಿನ ಕೋಲು. ಕಂದು ಪಿಕಪ್ ಗೊಣಗುತ್ತ ಘಾಟಿ ಹತ್ತಿತು, ಅವಸರವಿಲ್ಲದೆ, ಏದುಸಿರಿಲ್ಲದೆ. ನೆತ್ತಿಯಲ್ಲಿ, ಇಳಿಜಾರು ಶುರುವಾಗುವ ಮೊದಲೇ, ಡ್ವೇನ್ ಕೆಳಗಿನ ಗೇರಿಗೆ ಹಾಕಿದ, ಆ ಗುಂಡಿ ಒತ್ತಿದ. ಎಂಜಿನ್ ದಪ್ಪ ದನಿಯಲ್ಲಿ ಗುರ್ ಎನ್ನುತ್ತ ಗಾಡಿಯನ್ನು ಹಿಡಿದುಕೊಂಡಿತು. ಎದುರಿನಿಂದ ಲಾರಿ ಬಂತು, ಹೋಯಿತು. ಟ್ರೇಲರ್ ಸ್ವಲ್ಪ ಅಲುಗಿತು. ಪಿಕಪ್ ಅಲುಗಲಿಲ್ಲ.

ಲವರ್ನ್ ಕಿಟಕಿ ಇಳಿಸಿ ಮೂಗು ಹೊರಗೆ ಹಾಕಿದಳು.

"ಅಜ್ಜಿ, ನೀನ್ಯಾಕೆ ಹ್ಯಾಂಕ್ ಥರ ಮೂಸ್ತಿದೀಯ?" ಎಂದಳು ಜೂನಿ.

"ಏನಾದ್ರೂ ವಾಸ್ನೆ ಬರ್ತಿದ್ಯಾ ನಿಂಗೆ?"

ಜೂನಿ ಕಣ್ಣು ಮುಚ್ಚಿ ದೀರ್ಘವಾಗಿ ಮೂಸಿದಳು. "ಪೈನ್ ಮರ. ಆಮೇಲೆ ಹ್ಯಾಂಕ್."

ಘಾಟಿ ಮುಗಿದು ಹೊಳೆ ಕಂಡಾಗ ಡ್ವೇನ್ ಗಾಡಿ ನಿಲ್ಲಿಸಿ ಇಳಿದ. ಒಂದೊಂದೇ ಚಕ್ರದ ಹತ್ತಿರ ಅಂಗೈ ಹಿಡಿದು ನೋಡುತ್ತ ಟ್ರೇಲರಿನ ಸುತ್ತ ಬಂದ. ವಾಪಸು ಬಂದು ಹೆಂಡತಿಯ ಕಿಟಕಿಯ ಮೇಲೆ ಮೊಣಕೈ ಊರಿದ. ಅವನ ಬೆರಳುಗಳ ಗೆಣ್ಣು ಬೆಳ್ಳಗಾಗಿರಲಿಲ್ಲ.

"ಲವರ್ನ್, ಒಲೆ ಆರಿಸಿ ಬಂದ್ಯೋ ಇಲ್ವೋ?"

"ಆರಿಸಿದೀನಿ," ಎಂದಳು ಲವರ್ನ್. "ಗಾಡಿ ಹತ್ತು. ಮಗೂಗೆ ಮೀನು ಬೇಕಂತೆ."

ಈ ಕಥೆ ಕೇಳಿದ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಅಂಗಳದಲ್ಲೂ ಟ್ರೇಲರ್ ಮನೆ ನಿಂತಿದ್ದರೆ, ಬೆಟ್ಟಕ್ಕೆ ಹೊರಡುವ ಆಸೆಯಿದ್ದರೆ, ಇವತ್ತೇ ಎದ್ದು ಹೋ‌ಗಿ ನಿಮ್ಮ ಪಿಕಪ್ಪಿನ ಚಾಲಕನ ಬಾಗಿಲು ತೆಗೆಯಿರಿ. ಆ ಚೀಟಿಯನ್ನು ಗಂಡ ಹೆಂಡತಿ ಇಬ್ಬರೂ ಓದಿರಿ. ಎಷ್ಟು ಎಳೆಯುತ್ತದೆ ಎಂದು ಯಾರು ಹೇಳಿದರೂ, ಎಷ್ಟು ಹೊರುತ್ತದೆ, ಇಳಿಜಾರಿನಲ್ಲಿ ಹೇಗೆ ನಿಲ್ಲಿಸುತ್ತದೆ ಎಂದು ತಿರುಗಿ ಕೇಳಿರಿ. ಒಣ ತೂಕದ ಮಾತು ನಂಬಬೇಡಿ. ಬಾಣಲೆ, ಬಾಟಲಿ, ಹಾಸಿಗೆ, ನಾಯಿ ಎಲ್ಲವನ್ನೂ ತುಂಬಿ ವೇ ಬ್ರಿಡ್ಜಿಗೆ ಹೋಗಿ ತೂಗಿಸಿರಿ. ಅಂಚಿನವರೆಗೆ ಹೇರದೆ ಕಾಲು ಪಾಲು ಮಿಗಿಸಿರಿ. ಗಾಡಿ ಸಾಲದೆ ಹೋದರೆ ಟ್ರೇಲರ್ ಸಣ್ಣದು ಮಾಡಿ, ಇಲ್ಲವೇ ಗಾಡಿ ಬದಲಿಸಿ. ಅದರಲ್ಲಿ ಅವಮಾನವೇನಿಲ್ಲ.

ನಿಮ್ಮ ಗಾಡಿಯ ಹಿಂದಿನ ಸೀಟಿನಲ್ಲಿ ಯಾರು ಕೂರುತ್ತಾರೆ ಎಂದು ನಿಮಗೇ ಗೊತ್ತು. ಅವರನ್ನು ಕೂರಿಸುವ ಮುನ್ನ ಒಂದು ಚೀಲ ಆಲೂಗಡ್ಡೆ ಕೂರಿಸಿ ನೋಡಿರಿ.